ಇಸ್ತ್ರಿ ನಿಂತರೆ ಮತ್ತೆ ಬರೆಯುವ ಅಕ್ಕ

ಬೀದಿ ದೀಪ ಇನ್ನೂ ಆರಿಲ್ಲ. ಹಾಲಿನ ಗಾಡಿ ಹೋಗಿಯಾಗಿದೆ, ಪೇಪರಿನವನು ಇನ್ನೂ ಬಂದಿಲ್ಲ. ಹಳೇ ಕಟ್ಟಡವೊಂದರ ಮೆಟ್ಟಿಲ ಬುಡದಲ್ಲಿ ಇಸ್ತ್ರಿ ಮೇಜು. ಅದರ ಮೇಲೆ ಹೊದಿಸಿದ ಕಂಬಳಿಯ ತುಂಬ ಸುಟ್ಟ ಕಲೆ. ಇಸ್ತ್ರಿಯಣ್ಣ ಪೆಟ್ಟಿಗೆಗೆ ಕೆಂಡ ತುಂಬಿ ಊದುತ್ತಿದ್ದಾರೆ. ಎದುರಿಗೆ ಸ್ಟೂಲಿನ ಮೇಲೆ ಅವರ ಹೆಂಡತಿ, ಎರಡೂ ಕೈ ಮೇಜಿನ ಮೇಲಿಟ್ಟು, ಪರೀಕ್ಷೆಗೆ ಬಂದವರ ಹಾಗೆ ನೆಟ್ಟಗೆ ಕೂತಿದ್ದಾರೆ. ಮೂರನೇ ಮೆಟ್ಟಿಲ ಮೇಲೆ, ಹಳೇ ಸ್ವೆಟರು ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಕ್ಕ ಓದುತ್ತಿದ್ದಾರೆ.

“‘ಈ ಮಾತ್ರೆಯನ್ನು ಊಟ ಆದ ಮೇಲೆ ನುಂಗಿ. ತಲೆ ಸುತ್ತಬಹುದು. ಕೂತುಕೊಳ್ಳಿ. ಗಾಡಿ ಓಡಿಸಬೇಡಿ.’ ಈಗ ಹೇಳಿ ಅತ್ತಿಗೆ, ಏನು ಮಾಡ್ತೀರಿ?”

“ಊಟ ಮಾಡ್ತೀನಿ. ಮಾತ್ರೆ ನುಂಗ್ತೀನಿ. ಕೂತ್ಕೋತೀನಿ.”

“ತಲೆ ಸುತ್ತಿದ್ರೆ ಮಾತ್ರ ಕೂತ್ಕೊಳ್ಳೋದು.”

“ಹಾಗಂತ ನೀನು ಹೇಳ್ಲೇ ಇಲ್ಲವಲ್ಲಮ್ಮ. ದಿನಾ ಮಾತ್ರೆ ನುಂಗಿ ದಿನಾ ಕೂತ್ಕೊಂಡ್ರೆ ನಮ್ಮನೆ ಪಾತ್ರೆ ಯಾರು ತೊಳೀತಾರೆ?”

ಅಕ್ಕ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಸಾಲನ್ನು ಹೊಡೆದುಹಾಕುತ್ತಾರೆ. ಅಕ್ಕನನ್ನು ತಂಗಮ್ಮ ಎಂದೇ ಕರೆಯುವ ಇಸ್ತ್ರಿಯಣ್ಣನಿಗೆ ತಡೆಯಲಾಗುವುದಿಲ್ಲ. “ಅಲ್ಲ ತಂಗಮ್ಮಾ, ಸದರಿ ಮಾತ್ರೆಯನ್ನು ಸೇವಿಸಿದ ನಂತರ...”

“ನೀವು ಬಾಯಿ ಬಿಡೋ ಹಾಗಿಲ್ಲ,” ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಹೇಳುತ್ತಾರೆ. ಇಸ್ತ್ರಿಯಣ್ಣ ಕೆಂಡ ಊದುವುದಕ್ಕೆ ವಾಪಸು ಹೋಗುತ್ತಾರೆ. ಮೊನ್ನೆ ಮೊನ್ನೆಯವರೆಗೂ ಕೇಳಿ ತೀರ್ಪು ಕೊಡುವ ಜಾಗ ಅವರದಾಗಿತ್ತು. ಈಗ ಅದು ಹೆಂಡತಿಯದು. ಯಾಕೆ ಕೈ ಬದಲಾಯಿತು ಅನ್ನುವುದೇ ಈ ಕಥೆ.

ಮೆಟ್ಟಿಲ ಮೇಲೆ ಓದುತ್ತ ಕೂತ ಈ ಅಕ್ಕನನ್ನು ಬೀದಿಯವರೆಲ್ಲ ಭಾಷೆ ಅಕ್ಕ ಅನ್ನುತ್ತಾರೆ. ಮೆಟ್ಟಿಲು ಹತ್ತಿದರೆ ಮೊದಲನೇ ಬಾಗಿಲು ಅವರ ಅನುವಾದದ ಅಂಗಡಿ. ಎರಡು ಮೇಜು, ಎರಡು ಕಂಪ್ಯೂಟರು, ಪ್ರತಿ ಹಾಳೆಗೂ ಒಂದು ಸಲ ಕೆಮ್ಮುವ ಪ್ರಿಂಟರು, ಗೋಡೆಗೆ ಒರಗಿದ ನಿಘಂಟುಗಳು. ಅವುಗಳಲ್ಲಿ ದಪ್ಪನೆಯದೊಂದು ಕಾಲು ಮುರಿದ ಮೇಜಿನ ಕೆಳಗಿದೆ. “ಅದರಲ್ಲಿ ಇರೋ ಪದ ಯಾರೂ ಆಡೋದಿಲ್ಲ. ಮೇಜಿಗಾದ್ರೂ ಆಗ್ಲಿ ಅಂತ ಇಟ್ಟೆ,” ಎನ್ನುತ್ತಾರೆ ಅಕ್ಕ.

ಇಲ್ಲಿಗೆ ಬರುವ ಕಾಗದಗಳನ್ನು ನೋಡಿದರೆ ಒಂದು ಊರಿನ ಹಣೆಬರಹವನ್ನೇ ನೋಡಿದ ಹಾಗೆ. ಹುಟ್ಟಿದ್ದಕ್ಕೆ ಕಾಗದ, ಸತ್ತಿದ್ದಕ್ಕೆ ಕಾಗದ, ಮದುವೆಗೊಂದು, ಅದು ಮುರಿದಿದ್ದಕ್ಕೆ ಅದಕ್ಕಿಂತ ಉದ್ದದ್ದೊಂದು. ಆಸ್ಪತ್ರೆಯಿಂದ ಬಿಟ್ಟು ಕಳಿಸುವಾಗ ಕೊಡುವ ಚೀಟಿ, ಔಷಧಿ ಡಬ್ಬಿಯೊಳಗೆ ಮಡಚಿ ತುರುಕಿದ ಇರುವೆ ಅಕ್ಷರದ ಹಾಳೆ, ನೀರಿನ ಪಂಪಿನ ಪುಸ್ತಕ, ಹಾಸ್ಟೆಲಿನ ನಿಯಮ. ಎಲ್ಲವನ್ನೂ ಯಾರೋ ಎಲ್ಲೋ ತಮಗೆ ಬರುವ ಭಾಷೆಯಲ್ಲಿ ಬರೆದು, ಬರದವರ ಕೈಗೆ ಕೊಟ್ಟು, ಕೈ ತೊಳೆದುಕೊಂಡಿರುತ್ತಾರೆ. ಕೈಗೆ ಬಂದವರು ಅದನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತುತ್ತಾರೆ.

ಹತ್ತಿದವರೆಲ್ಲರ ಬಾಯಲ್ಲಿ ಒಂದೇ ಮಾತು: “ಏನಿಲ್ಲ ಅಕ್ಕಾ, ನಾಲ್ಕೇ ಸಾಲು.” ಸೂಟುಬೂಟಿನವರದು ಇನ್ನೊಂದು: “ಇದೇನು ಮಹಾ, ಫೋನೇ ಮಾಡಿಬಿಡುತ್ತೆ.” ಹಾಗಾದರೆ ಫೋನಿಗೇ ಕೊಡಬಹುದಿತ್ತಲ್ಲ, ಮೆಟ್ಟಿಲು ಯಾಕೆ ಹತ್ತಿದಿರಿ ಅಂತ ಯಾರಾದರೂ ಕೇಳಬೇಕು. ಅಕ್ಕ ಕೇಳುವುದಿಲ್ಲ. ಕೇಳುವುದಕ್ಕೆ ತಂಗಿ ಇದ್ದಾಳೆ.

ತಂಗಿ ಅಂದರೆ ಒಡಹುಟ್ಟಿದವಳೇ. ಮೊದಲು ಟೆಲಿಫೋನ್ ಕಂಪನಿಯಲ್ಲಿ ದೂರು ಕೇಳಿಸಿಕೊಳ್ಳುವ ಕೆಲಸದಲ್ಲಿದ್ದಳು. ವರ್ಷಗಟ್ಟಲೆ ಬೈಸಿಕೊಂಡು ಬಂದ ಮೇಲೆ ಈಗ ವಾಪಸು ಕೊಡುತ್ತಿದ್ದಾಳೆ ಎಂದು ಅಕ್ಕ ನಗುತ್ತಾರೆ. ಗಿರಾಕಿ, ಫೋನು, ಬಾಡಿಗೆ, ಜಗಳ ಇವೆಲ್ಲ ತಂಗಿಯ ಪಾಲು. ಬರೆಯುವುದು, ಮುದ್ರೆ ಒತ್ತುವುದು ಅಕ್ಕನ ಪಾಲು.

ಆ ಮುದ್ರೆಯ ಬಗ್ಗೆ ಒಂದು ಮಾತು. ಅಕ್ಕನ ಕೈಯಿಂದ ಹೋಗುವ ಪ್ರತಿ ಕಾಗದದ ಕೆಳಗೆ ಒಂದು ದುಂಡು ಮುದ್ರೆ, ಒಂದು ಸಹಿ: ಇದು ಮೂಲದಲ್ಲಿ ಇರುವುದೇ, ಓದುವವರಿಗೆ ತಿಳಿಯುವಂತೆ ಇದೆ ಎಂದು. ಮುದ್ರೆ ಇದ್ದರೆ ಆಫೀಸಿನಲ್ಲಿ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಕಿಟಕಿಯಿಂದಲೇ ವಾಪಸು. ಅಷ್ಟು ಗಟ್ಟಿ ಮುದ್ರೆ. ಆದರೆ ಆ ಮುದ್ರೆ ಒತ್ತಿದವಳ ಮುಖ ಯಾವ ಆಫೀಸಿನವನಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ದರ್ದೂ ಅವನಿಗಿಲ್ಲ.

ಅಕ್ಕನಿಗೆ ಎರಡು ಭಾಷೆ ಬಂದದ್ದು ಶಾಲೆಯಿಂದಲ್ಲ, ಒಂದು ಗೋಡೆಯಿಂದ. ಅಪ್ಪ ಗಿರಣಿಯ ಕಾವಲುಗಾರ. ಗಿರಣಿಯವರು ಕಟ್ಟಿಕೊಟ್ಟ ಸಾಲುಮನೆಗಳಲ್ಲಿ ಈಚೆ ಇವರು, ಗೋಡೆಯಾಚೆ ದೂರದಿಂದ ಬಂದ ಇನ್ನೊಂದು ಭಾಷೆಯ ಕುಟುಂಬ. ಅಲ್ಲಿ ಗಂಡಹೆಂಡತಿ ಜಗಳವಾದರೆ ಇಲ್ಲಿ ಊಟ ನಿಲ್ಲುತ್ತಿತ್ತು. “ಅಮ್ಮ ನನ್ನನ್ನ ಗೋಡೆಗೆ ಕಿವಿ ಇಟ್ಟು ಕೂರಿಸ್ತಿದ್ರು. ಏನಂತೆ, ಏನಂತೆ ಅಂತ ಕೇಳೋರು. ನಾನು ಹೇಳ್ತಾ ಹೋಗ್ತಿದ್ದೆ. ಮೊದಲನೇ ಗಿರಾಕಿ ನಮ್ಮಮ್ಮನೇ,” ಎನ್ನುತ್ತಾರೆ ಅಕ್ಕ.

ಮದುವೆಯಾಗಿದ್ದು ಲಾರಿ ಡ್ರೈವರನ್ನು. ಅವರು ತಿಂಗಳಲ್ಲಿ ಮುಕ್ಕಾಲು ಭಾಗ ರಸ್ತೆ ಮೇಲೆ. ಮನೆಯಲ್ಲಿ ಒಬ್ಬರೇ ಕೂತಿರುತ್ತಿದ್ದ ಅಕ್ಕನ ಹತ್ತಿರ ಪಕ್ಕದ ಮನೆಯವರು ಒಂದು ಆಸ್ಪತ್ರೆ ಚೀಟಿ ತಂದರು. ಆಮೇಲೆ ಅವರ ಬೀಗರು ಒಂದು ತಂದರು. ಬೀಗರ ಊರಿನವರು ಮೂರು ತಂದರು. ಗಂಡ ರಜೆಗೆ ಬಂದಾಗ ಮಲಗುವುದಕ್ಕೆ ಮಂಚದ ಮೇಲೆ ಜಾಗವಿರಲಿಲ್ಲ, ಅಷ್ಟು ಕಾಗದ. “ಒಂದೋ ಕಾಗದ ಇರ್ಬೇಕು, ಇಲ್ಲ ನಾನಿರ್ಬೇಕು ಅಂದ್ರು. ಯೋಚನೆ ಮಾಡಿ ಹೇಳ್ತೀನಿ ಅಂದೆ. ಮಾರನೇ ದಿನಾನೇ ಹೋಗಿ ಈ ರೂಮು ನೋಡ್ಕೊಂಡು ಬಂದ್ರು.” ಹೀಗೆ ಅಂಗಡಿ ಶುರುವಾಯಿತು.

ಇಸ್ತ್ರಿಯಣ್ಣ ಆಗಲೇ ಮೆಟ್ಟಿಲ ಕೆಳಗಿದ್ದರು. ಅಂಗಡಿ ತೆರೆದ ಹೊಸದರಲ್ಲಿ ಒಂದು ಸಲ, ವಯಸ್ಸಾದ ಗಿರಾಕಿಯೊಬ್ಬರು ಅಕ್ಕ ಬರೆದುಕೊಟ್ಟ ಕಾಗದ ಹಿಡಿದು ಇಳಿದು ಬಂದು, ಇಸ್ತ್ರಿ ಮೇಜಿನ ಹತ್ತಿರ ನಿಂತು, ಹಿಂದೆಮುಂದೆ ತಿರುಗಿಸಿ ನೋಡಿ, “ಇದರಲ್ಲಿ ಏನು ಬರೆದಿದೆ ಸ್ವಲ್ಪ ಹೇಳಪ್ಪಾ,” ಎಂದರಂತೆ. ಇಸ್ತ್ರಿಯಣ್ಣ ಕೂಡಿಸಿ ಕೂಡಿಸಿ ಓದಿದರು. ಅವರಿಗೂ ತಲೆಬುಡ ತಿಳಿಯಲಿಲ್ಲ. ಕಾಗದ ಹಿಡಿದು ಮೇಲೆ ಹತ್ತಿ ಬಂದರು.

“ಬೇರೆ ಭಾಷೇಲಿದ್ದಾಗ್ಲೂ ಈ ಯಜಮಾನ್ರಿಗೆ ಅರ್ಥ ಆಗ್ಲಿಲ್ಲ, ನಮ್ಮ ಭಾಷೆಗೆ ಬಂದ ಮೇಲೂ ಆಗ್ಲಿಲ್ಲ. ನಡುವೆ ನೀವು ಮಾಡಿದ್ದೇನು ತಂಗಮ್ಮಾ?”

ಅಕ್ಕನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಕೆಳಗೆ ಬಂದು, ಮೂರನೇ ಮೆಟ್ಟಿಲ ಮೇಲೆ ಕೂತು, ಅದನ್ನೇ ಬೇರೆ ಥರ ಬರೆದು ಓದಿದರು. ಇಸ್ತ್ರಿಯಣ್ಣ ಅಂಗಿ ತಿಕ್ಕುತ್ತ ಕೇಳಿದರು. ತಿಳಿದಲ್ಲಿ ಇಸ್ತ್ರಿ ಓಡುತ್ತಿತ್ತು. ತಿಳಿಯದ ಕಡೆ ಅವರಿಗೇ ಗೊತ್ತಿಲ್ಲದ ಹಾಗೆ ಕೈ ನಿಂತು, ಬಟ್ಟೆ ಸುಡಬಾರದೆಂದು ಪೆಟ್ಟಿಗೆ ಮೇಲಕ್ಕೇಳುತ್ತಿತ್ತು. ಅಕ್ಕ ಅದನ್ನು ಗಮನಿಸಿದರು. ಅವತ್ತಿನಿಂದ ಅದೇ ಕಾನೂನು. ಯಾವ ಕಾಗದವಾದರೂ ಮುದ್ರೆಗೆ ಮುಂಚೆ ಕೆಳಗೆ ಬರಬೇಕು, ಓದಬೇಕು. ಇಸ್ತ್ರಿ ನಿಂತರೆ ಮತ್ತೆ ಬರೆಯಬೇಕು. ತಂಗಿ ಎಷ್ಟೋ ಸಲ ಗೊಣಗಿದ್ದುಂಟು: “ಬೇರೆಯವರು ಒಂದು ಗಂಟೇಲಿ ಕೊಟ್ಟು ಕಳಿಸ್ತಾರೆ. ನಮ್ಮದು ಮಾತ್ರ ಕೆಂಡ ಕಾಯೋವರೆಗೂ ಕಾಯ್ಬೇಕು.” ಅಕ್ಕ ಜಗ್ಗಲಿಲ್ಲ.

ವರ್ಷಗಳು ಕಳೆದವು. ಇಸ್ತ್ರಿ ನಿಲ್ಲುವುದು ಕಡಿಮೆಯಾಗುತ್ತ ಬಂತು, ಬರಬರುತ್ತ ನಿಲ್ಲುವುದೇ ನಿಂತಿತು. ಅಕ್ಕನಿಗೆ ಒಳಗೊಳಗೇ ಹೆಮ್ಮೆ. ಕೈ ಪಳಗಿತು, ಈಗ ಒಂದೇ ಏಟಿಗೆ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ ಅಂದುಕೊಂಡರು.

ಅದೇ ಹೊತ್ತಿಗೆ ಇನ್ನೊಂದು ನಡೆಯುತ್ತಿತ್ತು, ಇಡೀ ಬೀದಿ ಅದನ್ನು ನೋಡಿ ನಗುತ್ತಿತ್ತು. ಇಸ್ತ್ರಿಯಣ್ಣ ಕಾಗದದ ಹಾಗೆ ಮಾತಾಡುವುದಕ್ಕೆ ಶುರು ಮಾಡಿದ್ದರು. ಗಿರಾಕಿ ಬಂದರೆ “ಮೇಲ್ಕಂಡ ಅಂಗಿಯ ಎರಡು ಗುಂಡಿ ಕಾಣೆಯಾಗಿರುತ್ತದೆ” ಎನ್ನುವರು. ಟೀ ತರುವವನಿಗೆ “ಈ ಬಗ್ಗೆ ತಾವು ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು.” ಮನೆಯಲ್ಲಿ ಅನ್ನ ಆರಿದ್ದರೆ “ಸದರಿ ಅನ್ನ” ಅಂತ ಶುರು ಮಾಡಿ, ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸುವರು. ಎಲ್ಲರೂ ವಕೀಲರು ಬಂದರು ಎಂದು ಚುಡಾಯಿಸಿದರು. ಅಕ್ಕನೂ ನಕ್ಕರು. ಇಷ್ಟು ವರ್ಷ ದಿನಾ ಕಾಗದ ಕೇಳಿ ಕೇಳಿ ಆ ಕಿವಿ ಕಾಗದದ ಕಿವಿಯೇ ಆಗಿಹೋಗಿದೆ, ಈಗ ಅದಕ್ಕೆ ಎಂಥ ಕಗ್ಗವೂ ತಿಳಿಯುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಇಸ್ತ್ರಿ ನಿಲ್ಲದೆ ಓಡುತ್ತಿದ್ದದ್ದು ಅಕ್ಕನ ಬರವಣಿಗೆ ಸಲೀಸಾಯಿತು ಎಂದಲ್ಲ. ತಡೆಯುವವರಿಲ್ಲದೆ ಆ ಬರವಣಿಗೆ ಗೊತ್ತೇ ಆಗದ ಹಾಗೆ ಗಟ್ಟಿಯಾಗುತ್ತ, ಮೊದಲ ದಿನದ ಕಾಗದದ ಹಾಗೇ ಆಗುತ್ತ ಹೋಗಿತ್ತು.

ಇಸ್ತ್ರಿಯಣ್ಣನ ಹೆಂಡತಿ, ಅಕ್ಕನ ಬಾಯಲ್ಲಿ ಅತ್ತಿಗೆ, ಕೆಲಸ ಮಾಡುವುದು ಊರಾಚೆಯ ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಒಗೆದು ಒಣಗಿಸುವ ಜಾಗ. ಒಂದು ಮನೆಯಲ್ಲಿ ಒಬ್ಬರು ಒಗೆಯುವುದು, ಒಬ್ಬರು ತಿಕ್ಕುವುದು ಎಂದು ಅವರ ಮನೆಯ ತಮಾಷೆ. ಲಾಂಡ್ರಿಗೆ ಹೊಸ ಯಂತ್ರ ಬಂತು. ಒಳಗಿನ ಡ್ರಮ್ಮು ಆಳೆತ್ತರ. ಒದ್ದೆ ಬಟ್ಟೆಯನ್ನು ಗಿರಗಿರ ತಿರುಗಿಸಿ ಹಿಂಡುತ್ತದೆ. ಜೊತೆಗೆ ಪರಭಾಷೆಯ ಸುರಕ್ಷತಾ ಹಾಳೆ. ಲಾಂಡ್ರಿಯ ಒಡೆಯರ ಕಂಪನಿ ಅದನ್ನು ಅಕ್ಕನ ಅಂಗಡಿಗೆ ಕಳಿಸಿತು. ಅಂಗಡಿಯ ಅರ್ಧ ಕೆಲಸ ಬರುತ್ತಿದ್ದುದೇ ಆ ಕಂಪನಿಯಿಂದ. “ಆಫೀಸಿನ ಶೈಲಿಯಲ್ಲಿ ಇರಲಿ” ಎಂಬ ಸೂಚನೆಯೂ ಬಂತು.

ಅಕ್ಕ ಬರೆದರು. ಮೆಟ್ಟಿಲ ಮೇಲೆ ಕೂತು ಓದಿದರು. “‘ಒಳಗಿನ ಉರುಳೆಯ ಚಲನೆಯು ಸಂಪೂರ್ಣ ವಿರಾಮಾವಸ್ಥೆಯನ್ನು ತಲುಪಿರುವುದನ್ನು ಖಚಿತಪಡಿಸಿಕೊಂಡ ಹೊರತು ಮೇಲ್ಮುಚ್ಚಳವನ್ನು ತೆರವುಗೊಳಿಸತಕ್ಕದ್ದಲ್ಲ.’”

ಇಸ್ತ್ರಿ ಓಡಿತು. ಒಂದು ಚೂರೂ ಅಳುಕಲಿಲ್ಲ. “ಬೆಣ್ಣೆ ಥರ ಇದೆ ತಂಗಮ್ಮಾ,” ಎಂದರು ಇಸ್ತ್ರಿಯಣ್ಣ. ಅಕ್ಕ ಮೇಲೆ ಹೋಗಿ ಮುದ್ರೆ ಒತ್ತಿದರು.

ಹಾಳೆ ಲಾಂಡ್ರಿಯ ಗೋಡೆಗೆ ಅಂಟಿತು. ಅಲ್ಲಿಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಓದಿ ತಿಳಿದುಕೊಂಡಿದ್ದೇವೆ ಎಂದು ಸಹಿ ಹಾಕಿಸಿಕೊಂಡರು. ಓದುವುದಕ್ಕೆ ಎಷ್ಟು ಹೊತ್ತು ಕೊಟ್ಟರು ಅಂತ ಕೇಳಬೇಡಿ. ಸಹಿಗೆ ಬೇಕಾದಷ್ಟು ಹೊತ್ತು ಕೊಟ್ಟರು. ಅತ್ತಿಗೆಯೂ ಹಾಕಿದರು. ಅವರಿಗೆ ಒಂದು ಸಾಲೂ ತಿಳಿದಿರಲಿಲ್ಲ. ಆದರೆ ಕೇಳುವುದು ಹೇಗೆ? ಪಕ್ಕದವರ ಹತ್ತಿರವೆಲ್ಲ “ಇದು ನಮ್ಮ ಮನೆಯವರು ಕೇಳಿ ಒಪ್ಪಿದ ಹಾಳೆ” ಎಂದು ಆಗಲೇ ಹೇಳಿಕೊಂಡಿದ್ದರು. ಗಂಡನಿಗೆ ತಿಳಿದದ್ದು ತನಗೆ ತಿಳಿಯಲಿಲ್ಲ ಅನ್ನುವುದಕ್ಕೆ ನಾಚಿಕೆ. ಮನೆಗೆ ಬಂದಾಗ ಇಸ್ತ್ರಿಯಣ್ಣ “ಹೇಗಿದೆ ನಮ್ಮ ಹಾಳೆ?” ಎಂದು ಎದೆಯುಬ್ಬಿಸಿ ಕೇಳಿದರು. “ಚೆನ್ನಾಗಿದೆ,” ಎಂದರು ಅತ್ತಿಗೆ.

ಅದಾಗಿ ಕೆಲವೇ ದಿನಕ್ಕೆ, ಮಧ್ಯಾಹ್ನದ ಹೊತ್ತು, ಅತ್ತಿಗೆ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತರು. ರವಿಕೆಯ ಬಲಗಡೆಯ ಉದ್ದ ತೋಳು ಇರಲಿಲ್ಲ. ಹರಿದಿತ್ತು ಅಂತಲ್ಲ, ಇರಲೇ ಇಲ್ಲ. ಮಣಿಕಟ್ಟು ಊದಿ ಕಪ್ಪಗಾಗಿತ್ತು. ಮೇಲಿನಿಂದ ಅಕ್ಕ, ತಂಗಿ ಇಬ್ಬರೂ ಓಡಿ ಬಂದರು.

“ಏನೂ ಆಗಿಲ್ಲ, ಕೈ ಇದೆ,” ಎಂದರು ಅತ್ತಿಗೆ ಮೊದಲು. ಆಮೇಲೆ ಹೇಳಿದರು. “ಹಳೇ ಮಿಷನ್ನು ಸದ್ದು ನಿಂತ್ರೆ ತಾನೂ ನಿಲ್ತಿತ್ತು. ಇದರದ್ದೂ ಸದ್ದು ನಿಂತಿತ್ತು, ದೀಪ ಆರಿತ್ತು. ಮುಚ್ಚಳ ತೆಗೆದು ಕೈ ಹಾಕ್ದೆ. ಒಳಗೆ ಇನ್ನೂ ತಿರುಗ್ತಾ ಇತ್ತು. ತೋಳು ಎಳ್ಕೊಳ್ತು. ಬಟ್ಟೆ ಹಳೇದು, ಹರ್ಕೊಂಡು ಹೋಯ್ತು. ಹೊಸ ರವಿಕೆ ಆಗಿದ್ರೆ ಕೈ ಹೋಗ್ತಿತ್ತು.”

“ಹಾಳೇಲಿ ಇತ್ತಲ್ಲ ಅತ್ತಿಗೆ,” ಎಂದರು ಅಕ್ಕ.

“ಎಲ್ಲಿತ್ತು?”

ಅಕ್ಕ ಮೇಲೆ ಹೋಗಿ ಪ್ರತಿ ತಂದು ಆ ಸಾಲನ್ನು ಓದಿದರು. ಇಸ್ತ್ರಿಯಣ್ಣ ಏನು ಮಾಡಬೇಕೆಂದು ತೋಚದೆ, ಕೈ ಅಭ್ಯಾಸಕ್ಕೆ ಯಾರದೋ ಅಂಗಿಯ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದರು.

ಅತ್ತಿಗೆ ಕೊನೆಯವರೆಗೂ ಕೇಳಿ ಹೇಳಿದರು. “ಇದು ಆ ಮಿಷನ್ ವಿಷಯಾನಾ? ನಾನು ಕಂಪನಿಯೋರ ಯಾವ್ದೋ ಕಾನೂನು ಅಂದ್ಕೊಂಡಿದ್ದೆ.”

ಇಸ್ತ್ರಿ ನಿಂತಿತು. ಈ ಸಲ ಮೇಲಕ್ಕೇಳಲಿಲ್ಲ. ಅಂಗಿ ಸುಟ್ಟ ವಾಸನೆ ಬಂದು, ತಂಗಿ ಅವರ ಕೈಯಿಂದ ಪೆಟ್ಟಿಗೆ ಕಿತ್ತುಕೊಳ್ಳುವವರೆಗೂ ಯಾರೂ ಅಲ್ಲಾಡಲಿಲ್ಲ. ಬಿಳಿ ಅಂಗಿಯ ಬೆನ್ನಿನ ಮೇಲೆ ಪೆಟ್ಟಿಗೆಯ ಪೂರ್ತಿ ಆಕಾರ ಮೂಡಿತ್ತು.

“ನನ್ನನ್ನ ಕೆಲಸದಿಂದ ತೆಗೀರಿ ತಂಗಮ್ಮಾ,” ಎಂದರು ಇಸ್ತ್ರಿಯಣ್ಣ. “ನನಗೆ ಎಲ್ಲಾ ಅರ್ಥ ಆಗ್ತಿದೆ. ನಾನಿನ್ನು ಉಪಯೋಗಕ್ಕೆ ಬರೋದಿಲ್ಲ.” ಅವತ್ತು ಅವರ ಮಾತಿನಲ್ಲಿ ಸದರಿಯೂ ಇರಲಿಲ್ಲ, ಮೇಲ್ಕಂಡದ್ದೂ ಇರಲಿಲ್ಲ.

ಅಕ್ಕ ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿದರು. ಹಾಳೆ ತಪ್ಪಾಗಿದೆ, ತಪ್ಪು ನನ್ನದೇ, ಬದಲಾಯಿಸಿ ಕೊಡುತ್ತೇನೆ, ಅಲ್ಲಿಯವರೆಗೆ ಆ ಯಂತ್ರ ನಿಲ್ಲಿಸಿ ಎಂದರು. ಆ ಕಡೆಯಿಂದ ಬಂದ ಉತ್ತರವನ್ನು ತಂಗಿ ಇವತ್ತಿಗೂ ಅದೇ ಧಾಟಿಯಲ್ಲಿ ಅಣಕಿಸಿ ತೋರಿಸುತ್ತಾಳೆ: “ಹಾಳೆ ಸರಿ ಇದೆ ಮೇಡಂ, ಓದೋರು ಸರಿ ಇಲ್ಲ. ಎಲ್ಲರೂ ಅರ್ಥ ಆಗಿದೆ ಅಂತ ಸೈನ್ ಹಾಕಿದ್ದಾರೆ. ಈಗ ಬದಲಾಯಿಸಿದ್ರೆ ಮೊದಲಿಂದು ತಪ್ಪು ಅಂತ ಆಗುತ್ತೆ. ಸುಮ್ನಿರಿ.”

ಎಂಥ ವ್ಯವಸ್ಥೆ ನೋಡಿ. ತಿಳಿಯದ ಹಾಳೆಗೆ ತಿಳಿಯಿತೆಂದು ಸಹಿ ಹಾಕಿಸಿಕೊಳ್ಳುವುದು, ಆಮೇಲೆ ಕೈ ಹೋದರೆ ಸಹಿ ತೋರಿಸುವುದು. ಆ ಸಹಿ ಹಾಕಿದ ಕೈಯೇ ಡ್ರಮ್ಮಿನೊಳಗೆ ಹೋಗಿತ್ತು ಅನ್ನುವುದು ಆ ಮನುಷ್ಯನ ತಲೆಗೆ ಹೋಗಲೇ ಇಲ್ಲ.

ಸುಮ್ಮನಿರಬಹುದಿತ್ತು. ಅತ್ತಿಗೆಯ ಕಿವಿಯಲ್ಲಿ ನಿಜ ಹೇಳಿ, ಮಿಕ್ಕವರಿಗೂ ಹೇಳಿಬಿಡಿ ಎಂದು ಕಳಿಸಬಹುದಿತ್ತು. ಆದರೆ ನಾಳೆ ಹೊಸಬಳೊಬ್ಬಳು ಕೆಲಸಕ್ಕೆ ಬರುತ್ತಾಳೆ. ಅವಳಿಗೆ ಅತ್ತಿಗೆ ಸಿಗುವುದಿಲ್ಲ, ಗೋಡೆ ಸಿಗುತ್ತದೆ. ಅಕ್ಕನ ಕೈಯಲ್ಲಿ ಇದ್ದದ್ದು ಒಂದೇ ದಾರಿ. ಮುದ್ರೆ ಒತ್ತಿದವರು ಮುದ್ರೆಯನ್ನು ವಾಪಸು ಪಡೆಯಬಹುದು. ಈ ಅನುವಾದ ಓದುವವರಿಗೆ ತಿಳಿಯುವಂತಿಲ್ಲ, ನನ್ನ ಸಹಿ ಹಿಂತೆಗೆದುಕೊಂಡಿದ್ದೇನೆ ಎಂದು ಕಂಪನಿಯ ದೊಡ್ಡ ಆಫೀಸಿಗೇ ಬರೆದರೆ, ಆ ಹಾಳೆ ಬರೀ ಕಾಗದ. ಗೋಡೆಯಿಂದ ಇಳಿಸಲೇಬೇಕು. ಆದರೆ ಈ ಕಸುಬಿನಲ್ಲಿ ಹಾಗೆ ಮಾಡುವುದೆಂದರೆ ತನ್ನ ಅಂಗಡಿಯ ಬಾಗಿಲಿಗೆ ತಾನೇ ಮಸಿ ಬಳಿದುಕೊಂಡ ಹಾಗೆ.

“ಅರ್ಧ ಅಂಗಡಿ ಅವರ ಕೆಲಸದ ಮೇಲೆ ನಿಂತಿದೆ,” ಎಂದಳು ತಂಗಿ. “ನೀನೇ ಹೋಗಿ ನನ್ನ ಕೆಲಸ ಕೆಟ್ಟದು ಅಂತ ಬರ್ಕೊಟ್ರೆ ಉಳಿದರ್ಧದವರು ಏನು ಹೂವಿನ ಹಾರ ಹಿಡ್ಕೊಂಡು ಬರ್ತಾರಾ?”

“ಅತ್ತಿಗೆ ನಾಳೆ ಬೆಳಿಗ್ಗೆ ಅದೇ ಮಿಷನ್ ಮುಂದೆ ನಿಲ್ತಾರೆ ಕಣೆ.”

“ಅಂಗಡಿ ಮುಚ್ಚಿದ್ರೆ?”

“ಮುಚ್ಚಿದ್ರೆ ಮತ್ತೆ ಮಂಚದ ಮೇಲಿಂದ ಶುರು ಮಾಡೋಣ. ನಿಮ್ಮ ಭಾವ ಹೇಗೂ ರಸ್ತೆ ಮೇಲೇ ಇರ್ತಾರೆ.”

ತಂಗಿ ಮುಖ ಊದಿಸಿಕೊಂಡೇ ಕಾಗದ ಟೈಪ್ ಮಾಡಿದಳು. ಕಳಿಸಿದ ಮೇಲೆ ಅಕ್ಕ ಓದಿ ನೋಡಿದರೆ, ತಾವು “ದಯವಿಟ್ಟು” ಎಂದು ಬರೆದಿದ್ದ ಕಡೆಯೆಲ್ಲ “ಕೂಡಲೇ” ಎಂದಿತ್ತು.

ಮಾರನೇ ದಿನ ಅತ್ತಿಗೆ ಪಾಳಿಗೆ ಹೊರಡುವ ಮುಂಚೆ, ಇನ್ನೂ ಕತ್ತಲಿರುವಾಗಲೇ, ಇಸ್ತ್ರಿ ಮೇಜಿನ ಸುತ್ತ ನಾಲ್ಕೂ ಜನ ಸೇರಿದರು. ಅಕ್ಕನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು: ಅರ್ಥ ಆಯ್ತಾ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾಚಿಕೆ ಅಡ್ಡ ಬರುತ್ತದೆ. ಹಾಗಾಗಿ ಕೇಳುವುದೇ ಬೇಡ ಎಂದು ತೀರ್ಮಾನಿಸಿದರು. ಇಸ್ತ್ರಿ ಪೆಟ್ಟಿಗೆಯೇ ಯಂತ್ರ, ಅದರ ಮುಚ್ಚಳವೇ ಮುಚ್ಚಳ, ಒಳಗಿನ ಕೆಂಡವೇ ಡ್ರಮ್ಮು; ಕೆಂಡ ಕೆಂಪಗಿದ್ದರೆ ಡ್ರಮ್ಮು ಇನ್ನೂ ತಿರುಗುತ್ತಿದೆ ಎಂದು ಲೆಕ್ಕ. “ನಾನು ಓದ್ತೀನಿ. ನಿಮಗೆ ಏನು ತಿಳೀತೋ ಅದನ್ನ ಕೈಯಲ್ಲಿ ಮಾಡಿ ತೋರಿಸಿ. ಬಾಯಲ್ಲಿ ಏನೂ ಹೇಳ್ಬೇಡಿ,” ಎಂದರು.

ಮೊದಲ ಸಲ ಓದಿದಾಗ ಅತ್ತಿಗೆಯ ಕೈ ಸೀದಾ ಮುಚ್ಚಳಕ್ಕೆ ಹೋಯಿತು. ಅಕ್ಕ ಸಾಲನ್ನು ಹೊಡೆದುಹಾಕಿದರು. ಎರಡನೇ ಸಲ ಕೈ ಅರ್ಧ ಹೋಗಿ ಅನುಮಾನದಿಂದ ನಿಂತಿತು. “ನಿಂತಿದೆ ಅಂತ ಯಾರು ಹೇಳ್ಬೇಕು? ನಾನಾ, ಮಿಷನ್ನಾ?” ಎಂದು ಅತ್ತಿಗೆ ಕೇಳಿಯೇಬಿಟ್ಟರು. ಅದು ಮೂಲದ ಹಾಳೆಯಲ್ಲೇ ಸರಿಯಾಗಿರಲಿಲ್ಲ. ಹೊರಗಿನಿಂದ ನೋಡುವುದಕ್ಕೆ ಒಂದು ಗಾಜಿನ ಕಿಂಡಿ ಇದೆ ಎಂದು ಅತ್ತಿಗೆಯೇ ಹೇಳಿದರು. ಕೆಂಡ ತಣ್ಣಗಾಗಿ ಇಸ್ತ್ರಿಯಣ್ಣ ಎರಡು ಸಲ ಬದಲಾಯಿಸಿದರು. ಕೊನೆಗೆ ಉಳಿದದ್ದು ಇಷ್ಟು:

“ಸದ್ದು ನಿಂತರೂ ಒಳಗೆ ಡ್ರಮ್ಮು ತಿರುಗುತ್ತಿರುತ್ತದೆ. ಗಾಜಿನ ಕಿಂಡಿಯಲ್ಲಿ ನೋಡಿ. ಡ್ರಮ್ಮು ನಿಂತಿರುವುದು ನಿಮ್ಮ ಕಣ್ಣಿಗೆ ಕಾಣಬೇಕು. ಆಮೇಲೆ ಮುಚ್ಚಳ ತೆಗೆಯಿರಿ. ಅಲ್ಲಿಯವರೆಗೆ ಕೈ ಹಿಂದೆ ಇರಲಿ.”

ಅತ್ತಿಗೆ ಬಗ್ಗಿ ಪೆಟ್ಟಿಗೆಯ ಪಕ್ಕದ ತೂತಿನಲ್ಲಿ ಇಣುಕಿದರು. ಕೆಂಡ ಕೆಂಪಗಿತ್ತು. ಊದಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಿಂತೇ ಇದ್ದರು. ಅಕ್ಕ ಮೇಲೆ ಹೋಗಿ ಮುದ್ರೆ ಒತ್ತಿದರು.

ಹಾಳೆ ಬದಲಾಯಿತು. ದೊಡ್ಡ ಆಫೀಸಿನಿಂದ ಯಾರೋ ಬಂದು, ಹಳೆಯದನ್ನು ಕಿತ್ತು, ಹೊಸದನ್ನು ಅಂಟಿಸಿ ಹೋದರು. ಅಕ್ಕನಿಗೆ ಒಂದು ಫೋನೂ ಬರಲಿಲ್ಲ. ಬಂದದ್ದು ಇನ್ನು ಮೇಲೆ ತಮ್ಮ ಸೇವೆ ಅಗತ್ಯವಿಲ್ಲ ಎಂಬ ಕಾಗದ, ಅದೂ ಆಫೀಸಿನ ಶೈಲಿಯಲ್ಲಿ. ಅಂಗಡಿಯ ಒಂದು ಕಂಪ್ಯೂಟರಿಗೆ ಈಗ ಹೆಚ್ಚು ಕೆಲಸವಿಲ್ಲ. ತಂಗಿ ದಿನಾ ಮಧ್ಯಾಹ್ನ ಚೀಲ ಹೆಗಲಿಗೇರಿಸಿ ಔಷಧಿ ಅಂಗಡಿ, ಪಂಪಿನ ಅಂಗಡಿ ಸುತ್ತುತ್ತಾಳೆ. “ಎಲ್ಲರ ಹತ್ರಾನೂ ಒಂದೇ ಮಾತು ಹೇಳ್ತೀನಿ. ನಮ್ಮಕ್ಕ ತಪ್ಪು ಮಾಡಿದ್ರೆ ಒಪ್ಕೊಂಡು ಬರ್ದು ಕೊಡೋಳು, ಬೇರೆಯವರ ಹತ್ರ ಆ ಸೌಲಭ್ಯ ಇಲ್ಲ ಅಂತ,” ಎನ್ನುತ್ತಾಳೆ. ಕೆಲವರು ನಗುತ್ತಾರೆ. ಕೆಲವರು ಕೆಲಸ ಕೊಡುತ್ತಾರೆ. ಬಾಡಿಗೆ ಹೇಗೋ ಆಗುತ್ತಿದೆ.

ಇವತ್ತಿನ ಮಾತ್ರೆಯ ಹಾಳೆ ಆ ಸುತ್ತಾಟದಲ್ಲೇ ಸಿಕ್ಕಿದ್ದು. ಅಕ್ಕ ಹೊಡೆದುಹಾಕಿದ ಸಾಲಿನ ಮೇಲೆ ಹೊಸದು ಬರೆದು ಮತ್ತೆ ಓದುತ್ತಾರೆ. “‘ತಲೆ ಸುತ್ತಿದರೆ ಮಾತ್ರ ಕೂತುಕೊಳ್ಳಿ.’” ಅತ್ತಿಗೆ ಸ್ಟೂಲಿನಿಂದ ಎದ್ದು ನಿಲ್ಲುತ್ತಾರೆ, ಮಾತ್ರೆ ನುಂಗಿದ ಹಾಗೆ ಮಾಡುತ್ತಾರೆ, ಪಾತ್ರೆ ತೊಳೆಯುವ ಹಾಗೆ ಕೈ ಆಡಿಸುತ್ತಾರೆ, ತಲೆ ಹಿಡಿದುಕೊಂಡು ಕೂರುತ್ತಾರೆ. ಅಕ್ಕ ತಲೆಯಾಡಿಸುತ್ತಾರೆ.

“ಒಂದು ವಿಷಯ ಹೇಳ್ಬಹುದಾ?” ಎಂದು ಇಸ್ತ್ರಿಯಣ್ಣ ಕೈ ಎತ್ತುತ್ತಾರೆ. “ನಿನ್ನೆ ಇವಳು ಮನೇಲಿ ಸದರಿ ಅಂದ್ಲು. ಸದರಿ ಬದನೆಕಾಯಿ ಅಂದ್ಲು. ನಾನು ನನ್ನ ಕಿವಿಯಾರೆ ಕೇಳ್ದೆ. ಇವಳೂ ಕೆಡ್ತಾ ಇದ್ದಾಳೆ ತಂಗಮ್ಮಾ, ಈಗಲೇ ಬೇರೆಯವರನ್ನ ನೋಡ್ಕೊಳ್ಳಿ.”

“ನಿಮ್ಮನ್ನ ಆಡ್ಕೊಂಡು ಅಂದಿದ್ದು,” ಎನ್ನುತ್ತಾರೆ ಅತ್ತಿಗೆ.

“ಶುರುವಾಗೋದು ಹಾಗೇನೇ,” ಎನ್ನುತ್ತಾರೆ ಇಸ್ತ್ರಿಯಣ್ಣ, ಅನುಭವಸ್ಥರ ಗತ್ತಿನಲ್ಲಿ.

ಬೀದಿ ದೀಪ ಆರುತ್ತದೆ. ಅತ್ತಿಗೆ ಪಾಳಿಗೆ ಹೊರಡುವ ಹೊತ್ತು. ನಿಮಗೇನಾದರೂ ಆಸೆ ಇದೆಯಾ ಎಂದು ನಾನು ಕೇಳಿದರೆ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. “ಆ ಲಾಂಡ್ರಿ ಗೋಡೆ ಮುಂದೆ ಒಂದ್ಸಲ ನಿಂತು ನೋಡ್ಬೇಕು. ಗೇಟಲ್ಲಿ ಬಿಡೋದಿಲ್ಲ. ಹಾಳೆ ಓದೋಕಲ್ಲ. ಓದೋರ ಮುಖ ಹೇಗಾಗುತ್ತೆ ಅಂತ ನೋಡೋಕೆ. ಇಷ್ಟು ವರ್ಷ ಬರ್ದೆ, ಯಾರು ಓದೋದನ್ನೂ ಎದುರಿಗೆ ನಿಂತು ನೋಡಿಲ್ಲ ನಾನು.”

“ಈಗ ಯಾರೂ ನಿಂತು ಓದೋದಿಲ್ಲಮ್ಮ,” ಎನ್ನುತ್ತಾರೆ ಅತ್ತಿಗೆ ಚೀಲ ಎತ್ತಿಕೊಳ್ಳುತ್ತ. “ಬಾಯಿಪಾಠ ಆಗೋಗಿದೆ. ಮಿಷನ್ ಸದ್ದು ನಿಂತ ತಕ್ಷಣ ಎಲ್ಲರೂ ಕೈ ಹಿಂದೆ ಕಟ್ಕೊಂಡು ಕಿಂಡೀಲಿ ಇಣುಕ್ತಾರೆ. ಹೊಸ ಹುಡುಗೀರೂ ಅಷ್ಟೇ. ನೋಡೋದಾದ್ರೆ ಇದನ್ನ ನೋಡು.”

ಚೀಲವನ್ನು ಮತ್ತೆ ಕೆಳಗಿಟ್ಟು, ಎರಡೂ ಕೈಯನ್ನು ಇಸ್ತ್ರಿ ಮೇಜಿನ ಮೇಲೆ, ಅಕ್ಕನ ಎದುರಿಗೆ, ಬೆರಳು ಬಿಡಿಸಿ ಚಾಚುತ್ತಾರೆ. ಬಲ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಒಂದು ಗುರುತು ಇನ್ನೂ ಇದೆ. ಅಕ್ಕ ಕನ್ನಡಕ ಹಾಕಿಕೊಂಡು, ಕಾಗದ ನೋಡುವ ಹಾಗೆಯೇ, ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಾರೆ.

“ಸರಿ ಇದೆ,” ಎನ್ನುತ್ತಾರೆ.

ಇಸ್ತ್ರಿಯಣ್ಣ ಪೆಟ್ಟಿಗೆ ಎತ್ತಿಕೊಂಡು, ಹೆಂಡತಿ ಕೈ ತೆಗೆಯುವವರೆಗೂ ಕಾಯುತ್ತ ನಿಲ್ಲುತ್ತಾರೆ.